ಅಟ್ರೋಪಿನ್ ಕೊಟ್ಟರು, ಗುಣವಾಯಿತು. ಮತ್ತೆ ಸಿಂಪಡಣೆಗೆ ಹೋಗಬಹುದೇ?

ಪ್ರಶ್ನೆ: ನನ್ನ ಯಜಮಾನರು ಬೆಳೆಗೆ ಕೀಟನಾಶಕ ಸಿಂಪಡಿಸಿ ಮನೆಗೆ ಬಂದ ಸಂಜೆ ತಲೆನೋವು ಎಂದು ಮಲಗಿದರು. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು, ಮೈಯೆಲ್ಲ ಬೆವರಿತು, ಕಣ್ಣು ಮಂಜಾಗಿದೆ ಎಂದರು. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಸಿಂಪಡಿಸಿದ್ದರು. ವಿಷದ ವಾಸನೆ ಒಳಗೆ ಹೋಗಿರಬೇಕೆಂದು ಮನೆಯವರು ಉಪ್ಪುನೀರು ಕುಡಿಸಿ ಇನ್ನಷ್ಟು ವಾಂತಿ ಮಾಡಿಸಿದರು. ಆಸ್ಪತ್ರೆಯಲ್ಲಿ ಇದು ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕದ ವಿಷಬಾಧೆ ಎಂದು ಅಟ್ರೋಪಿನ್ ಎಂಬ ಔಷಧ ಕೊಟ್ಟರು. ಮರುದಿನವೇ ಚೆನ್ನಾಗಿದ್ದಾರೆಂದು ನಾವೇ ಕೇಳಿಕೊಂಡು ಮನೆಗೆ ಕರೆತಂದೆವು. ಈಗ ಒಂದು ವಾರವಾಗಿದೆ. ಆಯಾಸ ಬಿಟ್ಟರೆ ಬೇರೇನೂ ಇಲ್ಲ. ಬಟ್ಟೆ ಕಟ್ಟಿದ್ದರೂ ಹೀಗೇಕಾಯಿತು? ನಾವು ಮಾಡಿದ ಉಪಚಾರ ಸರಿಯೇ? ಉಳಿದ ಭಾಗಕ್ಕೆ ಸಿಂಪಡಿಸಲು ಅವರು ಹೊರಟಿದ್ದಾರೆ, ಹೋಗಬಹುದೇ? ಅವರ ಬಟ್ಟೆಗಳನ್ನು ಕೈಯಲ್ಲಿ ಒಗೆದವಳು ನಾನು, ಮನೆಯಲ್ಲಿ ಎರಡು ವರ್ಷದ ಮಗುವಿದೆ. ನಮಗೂ ಏನಾದರೂ ಆದೀತೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಒಂದಕ್ಕೆ ಕಾಯುವಷ್ಟು ಸಮಯವಿಲ್ಲ, ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಹೋಗಬಾರದು. ಈ ವಾರವೂ ಬೇಡ, ಮುಂದಿನ ವಾರವೂ ಬೇಡ. ಅವರು ಸ್ಪ್ರೇಯರ್ ಹೊರದಿದ್ದರೆ ಸಾಲದು. ಔಷಧಿ ಬೆರೆಸುವುದು, ನಳಿಕೆ ತೊಳೆಯುವುದು, ಸಿಂಪಡಿಸಿದ ಸಾಲುಗಳ ನಡುವೆ ಓಡಾಡುವುದು ಯಾವುದೂ ಸದ್ಯಕ್ಕೆ ಬೇಡ. ಆಸ್ಪತ್ರೆಯಿಂದ ನಡೆದುಕೊಂಡು ಬಂದವರಿಗೆ ಇಷ್ಟು ನಿರ್ಬಂಧವೇ ಎಂದು ಅವರಿಗೆ ಅನ್ನಿಸಬಹುದು. ಈ ಬಗೆಯ ವಿಷಬಾಧೆಯಲ್ಲಿ ಲಕ್ಷಣಗಳು ಹೋಗುವುದಕ್ಕೂ ದೇಹ ಸರಿಯಾಗುವುದಕ್ಕೂ ನಡುವೆ ವಾರಗಳ ಅಂತರವಿರುತ್ತದೆ. ಆ ಅಂತರದಲ್ಲಿ ಮೊದಲ ಸಲಕ್ಕಿಂತ ಕಡಿಮೆ ವಿಷ ತಗುಲಿದರೂ ಮೊದಲ ಸಲಕ್ಕಿಂತ ಹೆಚ್ಚು ಹಾನಿಯಾಗಬಹುದು. ಅದು ಹೇಗೆಂದು ತಿಳಿದರೆ ಉಳಿದ ಉತ್ತರಗಳೂ ಸುಲಭವಾಗುತ್ತವೆ.

ನರದಿಂದ ಸ್ನಾಯುವಿಗೆ, ಗ್ರಂಥಿಗೆ, ಇನ್ನೊಂದು ನರಕ್ಕೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. ಸಂದೇಶ ಮುಟ್ಟಿದ ಕೂಡಲೇ ಅದನ್ನು ಒಡೆದುಹಾಕುವ ಕೆಲಸ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದು. ಆರ್ಗನೋಫಾಸ್ಫೇಟ್ ಈ ಕಿಣ್ವಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಒತ್ತಿದ ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡರೆ ಗಂಟೆ ಬಾರಿಸುತ್ತಲೇ ಇರುವಂತೆ, ನರದ ಸಂದೇಶ ನಿಲ್ಲದೆ ಹೋಗುತ್ತಿರುತ್ತದೆ. ಕಣ್ಣೀರು, ಜೊಲ್ಲು, ಬೆವರು, ಶ್ವಾಸನಾಳದ ಕಫ, ವಾಂತಿ, ಭೇದಿ, ತಡೆಯಲಾಗದ ಮೂತ್ರ ಎಲ್ಲವೂ ಒಟ್ಟಿಗೆ ಬರುತ್ತವೆ. ಕಣ್ಣಪಾಪೆ ಸೂಜಿಮೊನೆಯಷ್ಟಾಗಿ ನೋಟ ಮಂಜಾಗುತ್ತದೆ. ರೆಪ್ಪೆ, ಕೆನ್ನೆ, ತೊಡೆಯ ಮಾಂಸಖಂಡಗಳು ತಾವಾಗಿಯೇ ಅದುರತೊಡಗುತ್ತವೆ. ಬರಬರುತ್ತ ಸೋತು ಬಲ ಕಳೆದುಕೊಳ್ಳುತ್ತವೆ. ಮಿದುಳಿಗೆ ತಟ್ಟಿದರೆ ಗಲಿಬಿಲಿ, ಸೆಳವು, ಪ್ರಜ್ಞಾಹೀನತೆ. ಸಾವು ಬರುವುದು ಹೆಚ್ಚಾಗಿ ಉಸಿರಿನ ದಾರಿಯಲ್ಲಿ: ಶ್ವಾಸಕೋಶ ಕಫದಿಂದ ತುಂಬುತ್ತದೆ, ಉಸಿರೆಳೆಯುವ ಸ್ನಾಯುಗಳು ಸೋಲುತ್ತವೆ, ಉಸಿರನ್ನು ನಿಯಂತ್ರಿಸುವ ಮಿದುಳಿನ ಭಾಗ ಮಂಕಾಗುತ್ತದೆ. ಕೀಟ ಸಾಯುವುದೂ ಇದೇ ಬಗೆಯಲ್ಲಿ. ಈ ಕಿಣ್ವದ ಮಟ್ಟಿಗೆ ನಮಗೂ ಅದಕ್ಕೂ ಹೆಚ್ಚು ಭೇದವಿಲ್ಲ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತಿದ್ದಾಗಲೇ ಟಾಬುನ್, ಸಾರಿನ್ ಎಂಬ ಯುದ್ಧವಿಷಗಳು ಹುಟ್ಟಿದವು. ಸ್ಪ್ರೇಯರ್‌ನಲ್ಲಿರುವುದು ಆ ಕುಟುಂಬದ ಸಾಧು ಸದಸ್ಯ, ಅಷ್ಟೇ.

ಇನ್ನು ಬಟ್ಟೆ ಕಟ್ಟಿಕೊಂಡ ವಿಷಯ. ಸಿಂಪಡಿಸುವವರಲ್ಲಿ ನಾನು ಕಾಣುವ ಅತಿ ಗಟ್ಟಿ ನಂಬಿಕೆ ಇದು: ವಿಷ ಮೂಗಿನಿಂದ ಹೋಗುತ್ತದೆ, ಮೂಗು ಮುಚ್ಚಿದರೆ ಸಾಕು. ತೆರೆದ ಬಯಲಿನಲ್ಲಿ ಸಿಂಪಡಿಸುವಾಗ ಮೈಗೆ ಸೇರುವ ವಿಷದ ಬಹುಪಾಲು ಚರ್ಮದ ಮೂಲಕ ಹೋಗುತ್ತದೆ. ನೋವಿಲ್ಲ, ಉರಿಯಿಲ್ಲ, ಗುರುತೂ ಇಲ್ಲ. ಎಲ್ಲ ಚರ್ಮವೂ ಒಂದೇ ಅಲ್ಲ. ಪ್ಯಾರಾಥಿಯಾನ್ ಎಂಬ ಆರ್ಗನೋಫಾಸ್ಫೇಟನ್ನು ಅತ್ಯಲ್ಪ ಪ್ರಮಾಣದಲ್ಲಿ ಸ್ವಯಂಸೇವಕರ ಮೈಗೆ ಹಚ್ಚಿ ಹಿಂದೆ ಅಳತೆ ಮಾಡಲಾಗಿತ್ತು. ಮುಂಗೈಗೆ ಹಚ್ಚಿದ್ದರಲ್ಲಿ ಒಳಹೋದದ್ದು ಶೇ. 9ರಷ್ಟು, ಹೊಟ್ಟೆಯ ಮೇಲೆ ಶೇ. 18, ನೆತ್ತಿಯಲ್ಲಿ ಶೇ. 32, ಹಣೆಯಲ್ಲಿ ಶೇ. 36, ಕಂಕುಳಲ್ಲಿ ಶೇ. 64, ವೃಷಣಚೀಲದಲ್ಲಿ ಹಚ್ಚಿದ್ದೆಲ್ಲವೂ ಬಹುತೇಕ ಪೂರ್ತಿ. ಬೆನ್ನಿಗೆ ಹೊತ್ತ ಟ್ಯಾಂಕ್ ಸೋರಿ ಸೊಂಟದಿಂದ ತೊಡೆಸಂದಿಗೆ ಇಳಿಯುವ ದ್ರಾವಣವನ್ನು ನೆನೆಸಿಕೊಳ್ಳಿ. ನಳಿಕೆಯನ್ನು ಕೈಯಿಂದ ಸರಿಮಾಡಿ, ಅದೇ ಕೈಯಿಂದ ಹಣೆಯ ಬೆವರು ಒರೆಸಿ, ಅದೇ ಕೈಯಿಂದ ಮೂತ್ರ ಮಾಡುವುದನ್ನೂ ಸೇರಿಸಿಕೊಳ್ಳಿ. ಬಿಸಿಲು, ಬೆವರು, ಗಾಯ, ಬಿರುಕು ಎಲ್ಲವೂ ಈ ಹೀರಿಕೆಯನ್ನು ಹೆಚ್ಚಿಸುತ್ತವೆ.

ಮುಖಕ್ಕೆ ಕಟ್ಟಿದ ಬಟ್ಟೆಯ ಬಗ್ಗೆ ಹೇಳಬೇಕಾದ ಇನ್ನೊಂದು ಕಹಿ ಮಾತಿದೆ. ಒಣಗಿರುವಾಗ ಅದು ದೊಡ್ಡ ಹನಿಗಳನ್ನು ತಡೆಯಬಹುದು. ತುಂತುರಿನಿಂದ ಒದ್ದೆಯಾದ ಮೇಲೆ ಅದು ವಿಷದಲ್ಲಿ ಅದ್ದಿದ ಪಟ್ಟಿ: ಗಂಟೆಗಟ್ಟಲೆ ಮೂಗು, ತುಟಿ, ಕೆನ್ನೆಗೆ ಒತ್ತಿಕೊಂಡಿರುತ್ತದೆ. ರಾಸಾಯನಿಕ ಆವಿಗೆಂದೇ ತಯಾರಾದ ಕಾರ್ಟ್ರಿಜ್ (ಶೋಧಕ ಡಬ್ಬಿ) ಇರುವ ಮುಖಗವಸು ಬೇರೆ, ಬಟ್ಟೆ ಬೇರೆ.

ಅತಿ ಅಪಾಯದ ಗಳಿಗೆ ಸಿಂಪಡಣೆಯೂ ಅಲ್ಲ, ಬೆರೆಸುವಿಕೆ. ಲೀಟರ್ ನೀರಿಗೆ ಒಂದೆರಡು ಮಿಲಿಲೀಟರ್ ಹಾಕುತ್ತೀರಿ ಎಂದರೆ ಡಬ್ಬಿಯಲ್ಲಿರುವುದು ಸಿಂಪಡಿಸುವ ದ್ರಾವಣಕ್ಕಿಂತ 500ರಿಂದ 1000 ಪಟ್ಟು ಗಾಢ. ಮುಚ್ಚಳ ತೆರೆಯುವಾಗ ಅಂಗೈಗೆ ತಾಗಿದ ಒಂದು ಚಮಚೆ, ದಿನವಿಡೀ ಮೈಮೇಲೆ ಬಿದ್ದ ತುಂತುರಿಗಿಂತ ಹೆಚ್ಚಿನ ವಿಷ ಹೊತ್ತಿರಬಹುದು. ಆ ಕೈಯನ್ನು ಕಾಲುವೆಯ ನೀರಲ್ಲಿ ಅದ್ದಿ ಪ್ಯಾಂಟಿಗೆ ಒರೆಸಿಕೊಳ್ಳುವುದು ತೊಳೆದಂತಲ್ಲ, ಜಾಗ ಬದಲಿಸಿದಂತೆ. ಕೈಗವಸು ಹಾಕದೆ ಬೆರೆಸಿ, ಆಮೇಲೆ ಕೈಗವಸು ಹಾಕಿಕೊಂಡು ಸಿಂಪಡಿಸುವವರಿದ್ದಾರೆ. ಒಂದೇ ಹೊತ್ತು ಕೈಗವಸು ಸಿಗುವುದಾದರೆ ಅದು ಬೆರೆಸುವ ಹೊತ್ತಿಗೆ ಸಿಗಲಿ.

ಸಂಜೆಯವರೆಗೆ ಏನೂ ಆಗದೆ ಮನೆಗೆ ಬಂದ ಮೇಲೆ ಶುರುವಾಯಿತು ಎಂದು ಬರೆದಿದ್ದೀರಿ. ಚರ್ಮದ ಮೂಲಕ ಹೋದ ವಿಷ ನಿಧಾನವಾಗಿ ರಕ್ತ ಸೇರುತ್ತದೆ. ಜೊತೆಗೆ ಕ್ಲೋರ್‌ಪೈರಿಫಾಸ್, ಪ್ಯಾರಾಥಿಯಾನ್‌ನಂಥವು ಡಬ್ಬಿಯಲ್ಲಿರುವ ರೂಪದಲ್ಲಿ ಅಷ್ಟು ಚುರುಕಲ್ಲ. ನಮ್ಮದೇ ಯಕೃತ್ತು ಅವನ್ನು ‘ಆಕ್ಸಾನ್’ ಎಂಬ ಹೆಚ್ಚು ವಿಷಕಾರಿ ರೂಪಕ್ಕೆ ಬದಲಿಸುತ್ತದೆ. ಫೆಂಥಿಯಾನ್‌ನಂಥ ಕೆಲವು ಕೊಬ್ಬಿನಲ್ಲಿ ಅಡಗಿ ಕುಳಿತು, ದಿನಗಳ ನಂತರ ಹೊರಬಂದು ರೋಗಿಯನ್ನು ಮತ್ತೆ ಬೀಳಿಸುವುದುಂಟು. ಹೀಗಾಗಿ ತೋಟದಲ್ಲಿ ಏನೂ ಆಗಲಿಲ್ಲ ಎನ್ನುವುದರಲ್ಲಿ ಯಾವ ಭರವಸೆಯೂ ಇಲ್ಲ. ಬಿಸಿಲಿನ ಬಳಲಿಕೆಯೆಂದು ತಳ್ಳಿಹಾಕುವುದು ಇಲ್ಲಿ ಸಾಮಾನ್ಯ ತಪ್ಪು. ತಲೆನೋವು, ವಾಕರಿಕೆ, ಬೆವರು ಎರಡರಲ್ಲೂ ಇರುತ್ತವೆ. ಬಾಯಿ, ಕಣ್ಣು ನೋಡಿ. ಬಿಸಿಲಿನಿಂದ ಬಳಲಿದವನ ಬಾಯಿ ಒಣಗಿರುತ್ತದೆ. ಈ ವಿಷ ತಗುಲಿದವನ ಬಾಯಲ್ಲಿ ಜೊಲ್ಲು ಹೆಚ್ಚು, ಪಾಪೆ ಕಿರಿದು.

ಉಪಚಾರದ ವಿಷಯಕ್ಕೆ ಬಂದರೆ, ಉಪ್ಪುನೀರು ಕುಡಿಸಿದ್ದು ತಪ್ಪು. ಬೈಯುವುದಕ್ಕಾಗಿ ಹೇಳುತ್ತಿಲ್ಲ, ಮುಂದೆ ಇನ್ನೊಬ್ಬರಿಗೆ ಕುಡಿಸದಿರಲಿ ಎಂದು ಹೇಳುತ್ತಿದ್ದೇನೆ. ನಿಮ್ಮವರಿಗೆ ವಿಷ ಹೊಟ್ಟೆಗೆ ಹೋಗಿರಲೇ ಇಲ್ಲ, ಚರ್ಮದಿಂದ ಹೋಗಿತ್ತು. ಹೊಟ್ಟೆ ಖಾಲಿ ಮಾಡಿಸಿ ಪ್ರಯೋಜನವಿರಲಿಲ್ಲ. ನುಂಗಿದವರಿಗೂ ವಾಂತಿ ಮಾಡಿಸಬಾರದು. ಕೀಟನಾಶಕದ ಡಬ್ಬಿಯಲ್ಲಿ ವಿಷದ ಜೊತೆ ಕ್ಸೈಲೀನ್‌ನಂಥ ಪೆಟ್ರೋಲಿಯಂ ದ್ರಾವಕ ಇರುತ್ತದೆ. ಮಂಪರಿನಲ್ಲಿರುವವನು ವಾಂತಿ ಮಾಡಿಕೊಂಡಾಗ ಅದು ಶ್ವಾಸಕೋಶಕ್ಕೆ ಇಳಿದು ಭೀಕರ ನ್ಯುಮೋನಿಯಾ ತರುತ್ತದೆ. ಗಾಢ ಉಪ್ಪುನೀರು ರಕ್ತದ ಸೋಡಿಯಂ ಏರಿಸಿ ಬೇರೆಯದೇ ಅಪಾಯ ತಂದೊಡ್ಡಬಲ್ಲದು. ಹಾಲು, ಎಣ್ಣೆ, ಮೊಟ್ಟೆಯ ಬಿಳಿ, ಹುಳಿರಸ ಯಾವುದೂ ಈ ವಿಷಕ್ಕೆ ಮದ್ದಲ್ಲ. ಇವನ್ನೆಲ್ಲ ಹುಡುಕುತ್ತ ಕಳೆಯುವ ಅರ್ಧ ಗಂಟೆಯೇ ಅವುಗಳ ದೊಡ್ಡ ಹಾನಿ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ, ಆದರೆ ಬೆಲೆಯುಳ್ಳದ್ದು. ಉಸಿರಾಟ ಸರಿಯಿದೆಯೇ ನೋಡಿ, ಇಲ್ಲವಾದರೆ ಮೊದಲು ಅದು. ಮಂಪರಿದ್ದರೆ ಎಡ ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಕಫ, ವಾಂತಿ ಹೊರಗೆ ಹರಿಯಲಿ. ಮೈಮೇಲಿನ ಬಟ್ಟೆಗಳನ್ನು, ಒಳಉಡುಪು ಸೇರಿ, ತೆಗೆದುಹಾಕಿ. ಕತ್ತರಿಸಬೇಕಾದರೆ ಕತ್ತರಿಸಿ, ತಲೆಯ ಮೇಲಿಂದ ಎಳೆಯಬೇಡಿ. ಸೋಪು ಮತ್ತು ಧಾರಾಳ ನೀರಿನಿಂದ ತಲೆಗೂದಲು, ಕಿವಿಯ ಹಿಂದೆ, ಕಂಕುಳು, ಹೊಕ್ಕುಳು, ತೊಡೆಸಂದು, ಉಗುರಿನ ಅಡಿ ಬಿಡದೆ ತೊಳೆಯಿರಿ. ಉಜ್ಜಿ ಕೆಂಪಾಗಿಸಬೇಡಿ, ಕೆರೆದ ಚರ್ಮ ಇನ್ನಷ್ಟು ಹೀರುತ್ತದೆ. ಕಣ್ಣಿಗೆ ಬಿದ್ದಿದ್ದರೆ ಬರಿಯ ನೀರಿನಿಂದ ಹದಿನೈದು ನಿಮಿಷವಾದರೂ ತೊಳೆಯಿರಿ. ಚರ್ಮದ ಬೆಲ್ಟು, ಚಪ್ಪಲಿ, ಬೂಟುಗಳು ವಿಷ ಹೀರಿದರೆ ಮತ್ತೆ ಶುದ್ಧವಾಗುವುದಿಲ್ಲ, ಎಸೆಯುವುದೇ ಸರಿ. ತೊಳೆಯುವವರು ರಬ್ಬರ್ ಅಥವಾ ನೈಟ್ರೈಲ್ ಕೈಗವಸು ಹಾಕಿಕೊಳ್ಳಲಿ. 1995ರಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ಸಾರಿನ್ ದಾಳಿಯಾದಾಗ, ಬಟ್ಟೆ ಬದಲಿಸದೆ ಬಂದ ರೋಗಿಗಳನ್ನು ಉಪಚರಿಸಿದ ಆಸ್ಪತ್ರೆ ಸಿಬ್ಬಂದಿಯಲ್ಲೂ ಲಕ್ಷಣಗಳು ಕಂಡುಬಂದಿದ್ದವು. ಸಾರಿನ್ ಆವಿಯಾಗುವಷ್ಟು ಬೇಗ ಕೀಟನಾಶಕ ಆವಿಯಾಗುವುದಿಲ್ಲ, ನಿಜ. ಆದರೂ ಪಾಠ ಅದೇ. ರೋಗಿ ಕುಸಿಯುತ್ತಿದ್ದರೆ ಮಾತ್ರ ಪೂರ್ತಿ ಸ್ನಾನಕ್ಕಾಗಿ ಆಸ್ಪತ್ರೆಯನ್ನು ತಡಮಾಡಬೇಡಿ. ಬಟ್ಟೆ ತೆಗೆದರೇ ಬಹುಪಾಲು ಕೆಲಸವಾಗುತ್ತದೆ.

ಆಸ್ಪತ್ರೆಗೆ ಹೋಗುವಾಗ ಡಬ್ಬಿಯ ಲೇಬಲ್‌ನ ಚಿತ್ರ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗಿ. ದೊಡ್ಡಕ್ಷರದ ವ್ಯಾಪಾರಿ ಹೆಸರು ನನಗೆ ಅಷ್ಟಾಗಿ ಬೇಕಿಲ್ಲ. ಸಣ್ಣಕ್ಷರದಲ್ಲಿರುವ ಸಕ್ರಿಯ ಘಟಕದ ಹೆಸರು ಬೇಕು. ಕೀಟನಾಶಕ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ವಿಷಗಳಿವೆ. ಕಾರ್ಬೊಫ್ಯೂರಾನ್, ಮೆಥೊಮಿಲ್, ಪ್ರೊಪಾಕ್ಸರ್‌ನಂಥ ಕಾರ್ಬಮೇಟುಗಳು ಅದೇ ಕಿಣ್ವಕ್ಕೆ ಅಂಟಿದರೂ ಸಾಮಾನ್ಯವಾಗಿ ಒಂದು ದಿನದೊಳಗೆ ತಾವಾಗಿ ಬಿಡಿಸಿಕೊಳ್ಳುತ್ತವೆ. ಆ ಒಂದು ದಿನದಲ್ಲಿ ಕೊಲ್ಲಲೂ ಬಲ್ಲವು. ಎಂಡೋಸಲ್ಫಾನ್‌ನಂಥ ಆರ್ಗನೋಕ್ಲೋರಿನ್‌ಗಳದ್ದು ಬೇರೆಯೇ ದಾರಿ: ಮಿದುಳಿನ ತಡೆಗಳನ್ನು ಕಿತ್ತುಹಾಕಿ ಬಿಡದೆ ಸೆಳವು ತರುತ್ತವೆ, ಅಲ್ಲಿ ಅಟ್ರೋಪಿನ್‌ಗೆ ಕೆಲಸವಿಲ್ಲ. ಬೇಗ ಕರಗಿಹೋಗದ ವಿಷಗಳನ್ನು ಜಗತ್ತಿನಿಂದಲೇ ತೊಲಗಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2011ರಲ್ಲಿ ಸೇರಿದ ಮೇಲೂ ಎಂಡೋಸಲ್ಫಾನ್‌ನ ಹಳೆಯ ದಾಸ್ತಾನುಗಳು ಮೂಲೆಗಳಲ್ಲಿ ಉಳಿದಿರಬಹುದು. ಫಿಪ್ರೊನಿಲ್ ಕೂಡ ಸೆಳವಿನ ಗುಂಪೇ. ಸೈಪರ್‌ಮೆಥ್ರಿನ್‌ನಂಥ ಪೈರಿಥ್ರಾಯ್ಡ್‌ಗಳು ಮುಖಕ್ಕೆ ತಾಗಿದರೆ ಚುಮುಚುಮು ಎಂದು ಉರಿಯುತ್ತವೆ, ಒಂದು ದಿನದಲ್ಲಿ ಅದು ಹೋಗುತ್ತದೆ. ನಮ್ಮ ದೇಹ ಅವನ್ನು ಬೇಗ ಒಡೆದುಹಾಕುವುದರಿಂದ ಸಾವು ಅಪರೂಪ. ಆದರೆ ಸೈಪರ್‌ಮೆಥ್ರಿನ್ ಎಂದು ಸಮಾಧಾನಪಟ್ಟುಕೊಂಡ ಡಬ್ಬಿಯಲ್ಲಿ ಹತ್ತು ಪಟ್ಟು ಕ್ಲೋರ್‌ಪೈರಿಫಾಸ್ ಬೆರೆತಿರುವ ಮಿಶ್ರಣಗಳು ಸಾಮಾನ್ಯ. ದಾಸ್ತಾನು ಕೋಣೆಗೆ ಇಡುವ ಫಾಸ್ಫೈಡ್ ಗುಳಿಗೆಗಳಂತೂ ಗಾಳಿಯ ತೇವಕ್ಕೇ ಫಾಸ್ಫೀನ್ ಅನಿಲ ಬಿಡುತ್ತವೆ. ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಅದು ತಲುಪುತ್ತದೆ. ಜನ ಮಲಗುವ ಮನೆಯೊಳಗೆ ಅವು ಇರಲೇಬಾರದು. ಇಷ್ಟು ಬಗೆಯ ವಿಷಗಳಿಗೆಲ್ಲ ಒಂದೇ ಚಿಕಿತ್ಸೆಯಿಲ್ಲ ಎಂಬುದು ನಿಮಗೀಗ ಹೊಳೆದಿರಬೇಕು.

ನಿಮ್ಮವರಿಗೆ ಆಸ್ಪತ್ರೆಯಲ್ಲಿ ಕೊಟ್ಟ ಅಟ್ರೋಪಿನ್ ಒಳ್ಳೆಯ ಔಷಧ, ಜೀವ ಉಳಿಸುವ ಔಷಧ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದರಲ್ಲೇ ನಿಮ್ಮ ಗೊಂದಲದ ಮೂಲವಿದೆ. ಅಟ್ರೋಪಿನ್ ಗ್ರಂಥಿಗಳ ಬಾಗಿಲು ಮುಚ್ಚುತ್ತದೆ: ಕಫ ಒಣಗುತ್ತದೆ, ಶ್ವಾಸನಾಳ ಸಡಿಲುತ್ತದೆ, ಇಳಿದ ನಾಡಿ ಏರುತ್ತದೆ. ವೈದ್ಯರು ಐದೈದು ನಿಮಿಷಕ್ಕೆ ಪ್ರಮಾಣ ಇಮ್ಮಡಿಗೊಳಿಸುತ್ತ ಶ್ವಾಸಕೋಶದ ಗೊರಗೊರ ನಿಲ್ಲುವವರೆಗೆ ಕೊಡುತ್ತಾರೆ. ಆದರೆ ಸ್ನಾಯುಗಳ ದುರ್ಬಲತೆಯನ್ನು ಅದು ಮುಟ್ಟುವುದಿಲ್ಲ, ಕಿಣ್ವಕ್ಕೆ ಅಂಟಿದ ವಿಷವನ್ನು ಬಿಡಿಸುವುದೂ ಇಲ್ಲ. ಲಕ್ಷಣ ಮರೆಯಾಗುತ್ತದೆ, ಕಿಣ್ವ ಸತ್ತಂತೆಯೇ ಇರುತ್ತದೆ. ಅಂಟನ್ನು ಬಿಡಿಸಲೆಂದು ಪ್ರಾಲಿಡಾಕ್ಸಿಮ್ ಎಂಬ ಔಷಧವಿದೆ. ಅದಕ್ಕೆ ಗಡುವಿದೆ: ಕೆಲ ಹೊತ್ತು ಕಳೆದ ಮೇಲೆ ವಿಷ ಮತ್ತು ಕಿಣ್ವದ ಬೆಸುಗೆ ಮಾಗಿ, ಯಾವ ಔಷಧವೂ ಬಿಡಿಸಲಾರದಂತಾಗುತ್ತದೆ. ಮೊನೊಕ್ರೊಟೊಫಾಸ್, ಡೈಮಿಥೋಯೇಟ್ ಸೇರಿದ ಡೈಮಿಥೈಲ್ ಗುಂಪಿನಲ್ಲಿ ಸುಮಾರು ನಾಲ್ಕು ಗಂಟೆಯಲ್ಲೇ ಅರ್ಧದಷ್ಟು ಕಿಣ್ವ ಹೀಗೆ ಕೈತಪ್ಪುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಸೇರಿದ ಡೈಈಥೈಲ್ ಗುಂಪಿನಲ್ಲಿ ಸುಮಾರು 33 ಗಂಟೆ ಬೇಕು. ಈ ಔಷಧದಿಂದ ನಿಜಕ್ಕೂ ಎಷ್ಟು ಪ್ರಯೋಜನ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಶ್ರೀಲಂಕಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಸಾವು ಕಡಿಮೆಯಾಗಲಿಲ್ಲ. ನಿಮ್ಮ ವೈದ್ಯರು ಅದನ್ನು ಕೊಡದಿದ್ದರೆ ಅದು ನಿರ್ಲಕ್ಷ್ಯವೆಂದು ತಿಳಿಯಬೇಡಿ.

ಮರುದಿನವೇ ಮನೆಗೆ ಕರೆತಂದದ್ದರ ಬಗ್ಗೆ ನನ್ನ ಅಸಮಾಧಾನ ಇಲ್ಲಿದೆ. ವಿಷ ತಗುಲಿ 24ರಿಂದ 96 ಗಂಟೆಯೊಳಗೆ, ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ, ಕೆಲವರಲ್ಲಿ ಕತ್ತು, ಹೆಗಲು, ತೊಡೆ ಮತ್ತು ಉಸಿರೆಳೆಯುವ ಸ್ನಾಯುಗಳು ಸೋಲುತ್ತವೆ. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯೆದ್ದೆ 1987ರಲ್ಲಿ ಇದನ್ನು ‘ನಡುವಿನ ಹಂತದ ರೋಗಲಕ್ಷಣ’ ಎಂದು ವಿವರಿಸಿದರು. ಬೆವರು, ಜೊಲ್ಲು ಯಾವುದೂ ಇರುವುದಿಲ್ಲ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಮಲಗಿದಲ್ಲಿಂದ ತಲೆ ಎತ್ತಲಾಗದಿರುವುದೇ ಹಲವು ಸಲ ಮೊದಲ ಸುಳಿವು. ಆ ಹೊತ್ತಿಗೆ ವೆಂಟಿಲೇಟರ್ ಇರುವಲ್ಲಿ ಇದ್ದರೆ ಬಹುತೇಕರು ದಿನಗಳಲ್ಲೋ ವಾರಗಳಲ್ಲೋ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಮನೆಯಲ್ಲಿದ್ದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ನಿಮ್ಮವರು ಆ ಗಂಡಾಂತರ ದಾಟಿದ್ದಾರೆ. ಇನ್ನಾರಿಗಾದರೂ ಹೀಗಾದರೆ ನಾಲ್ಕು ದಿನ ಆಸ್ಪತ್ರೆಯ ಕಣ್ಣಳತೆಯಿಂದ ಹೊರಗೆ ತರಬೇಡಿ.

ಇನ್ನೊಂದು ಹಂತ ಅವರಿಗೆ ಇನ್ನೂ ಎದುರಿಗಿದೆ. ಕೆಲವು ಆರ್ಗನೋಫಾಸ್ಫೇಟುಗಳು ತೀವ್ರ ವಿಷಬಾಧೆಯ ಎರಡು ಮೂರು ವಾರಗಳ ನಂತರ ಉದ್ದನೆಯ ನರಗಳನ್ನು ಕೆಡಿಸುತ್ತವೆ. ಮೀನಖಂಡದಲ್ಲಿ ಸೆಳೆತ, ಪಾದದಲ್ಲಿ ಜೋಮು, ಆಮೇಲೆ ಹೆಜ್ಜೆ ಎತ್ತಲಾಗದೆ ಪಾದ ನೆಲಕ್ಕೆ ಬಡಿಯುವುದು. 1930ರಲ್ಲಿ ಅಮೆರಿಕದಲ್ಲಿ ಶುಂಠಿಯ ಮದ್ಯಸಾರಕ್ಕೆ ಟ್ರೈ-ಆರ್ಥೊ-ಕ್ರೆಸಿಲ್ ಫಾಸ್ಫೇಟ್ ಕಲಬೆರಕೆಯಾಗಿ ಸಾವಿರಾರು ಜನರ ಕಾಲು ಹೋದದ್ದು ಇದೇ ಬಗೆಯಲ್ಲಿ. ಅದು ಕೀಟನಾಶಕವಲ್ಲ, ಅದರ ದಾಯಾದಿ. ಇಂದಿನ ಬಹುತೇಕ ಕೀಟನಾಶಕಗಳಲ್ಲಿ ಈ ಗುಣ ಕಡಿಮೆ, ನಿಮ್ಮವರಿಗೆ ಬರುವ ಸಾಧ್ಯತೆಯೂ ಕಡಿಮೆ. ಆದರೂ ಈ ತಿಂಗಳಲ್ಲಿ ಪಾದ ಜೋಮು ಹಿಡಿದರೆ ಎಣ್ಣೆ ತಿಕ್ಕಿಕೊಂಡು ಕೂರದೆ ನರರೋಗ ತಜ್ಞರಿಗೆ ತೋರಿಸಿ, ವಿಷಬಾಧೆಯಾಗಿತ್ತೆಂದು ನೀವೇ ಬಾಯಿಬಿಟ್ಟು ಹೇಳಿ.

ಈಗ ಮೊದಲು ಹೇಳಿದ ‘ಬೇಡ’ಕ್ಕೆ ಲೆಕ್ಕ ಒದಗಿಸುತ್ತೇನೆ. ಬೆಸುಗೆ ಮಾಗಿದ ಕಿಣ್ವ ಮರಳಿ ಬರುವುದಿಲ್ಲ, ದೇಹ ಹೊಸತನ್ನು ತಯಾರಿಸಬೇಕು. ಕೆಂಪು ರಕ್ತಕಣದಲ್ಲಿರುವ ಕಿಣ್ವ ಹೊಸ ಕಣಗಳ ಜೊತೆಗೇ ಬರುವುದರಿಂದ ದಿನಕ್ಕೆ ಸುಮಾರು ಶೇ. 1ರಷ್ಟು ಮಾತ್ರ ಏರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೀಟನಾಶಕ ಕೆಲಸಗಾರರಿಗೆ ಒಂದು ನಿಯಮವಿದೆ: ರಕ್ತಕಣದ ಕಿಣ್ವ ಆ ವ್ಯಕ್ತಿಯದೇ ಮೂಲಮಟ್ಟದ (ವಿಷ ತಗುಲುವ ಮೊದಲಿನ ಮಟ್ಟದ) ಶೇ. 70ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ, ಪ್ಲಾಸ್ಮಾದಲ್ಲಿರುವ, ಅಂದರೆ ರಕ್ತದ ದ್ರವಭಾಗದಲ್ಲಿರುವ, ಇದೇ ಬಗೆಯ ಇನ್ನೊಂದು ಕಿಣ್ವ ಶೇ. 60ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಕೆಲಸದಿಂದ ತೆಗೆಯಬೇಕು, ಎರಡೂ ಶೇ. 80 ದಾಟಿದ ಮೇಲಷ್ಟೇ ಮರಳಿ ಸೇರಿಸಬೇಕು. ನನಗೆ ಗೊತ್ತಿರುವ ನಿಯಮಗಳಲ್ಲಿ ಇದು ಅತ್ಯಂತ ವಿವೇಕದ್ದು. ನಿಮ್ಮವರ ಕಿಣ್ವ ಅರ್ಧಕ್ಕೆ ಇಳಿದಿತ್ತು ಎಂದು ಊಹಿಸಿಕೊಳ್ಳಿ. ಲಕ್ಷಣ ಕಾಣಿಸಿಕೊಂಡಿರುವುದರಿಂದ ಅದಕ್ಕೂ ಕೆಳಗಿಳಿದಿದ್ದರೂ ಆಶ್ಚರ್ಯವಿಲ್ಲ. ಐವತ್ತರಿಂದ ಎಂಬತ್ತಕ್ಕೆ ಏರಲು ದಿನಕ್ಕೆ ಒಂದರಂತೆ ಒಂದು ತಿಂಗಳು ಬೇಕು. ಒಂದು ವಾರಕ್ಕೆ ಹೊರಟವರು ಖಾಲಿಯಾದ ಮೀಸಲಿನ ಮೇಲೆ ಮತ್ತೊಂದು ಪೆಟ್ಟು ತಿನ್ನಲು ಹೊರಟಿದ್ದಾರೆ. ದಿನವೂ ಸ್ವಲ್ಪ ಸ್ವಲ್ಪ ತಗುಲಿಸಿಕೊಂಡು, ಯಾವ ಲಕ್ಷಣವೂ ಇಲ್ಲದೆ ಕಿಣ್ವ ಇಳಿಸಿಕೊಂಡವರು ಒಂದು ದಿನ ತೀರಾ ಸಣ್ಣ ಪ್ರಮಾಣಕ್ಕೇ ಕುಸಿದು ಬೀಳುವುದೂ ಇದೇ ಕಾರಣಕ್ಕೆ. ಹತ್ತು ವರ್ಷದಿಂದ ಇದೇ ಔಷಧಿ ಹೊಡೆಯುತ್ತಿದ್ದೇನೆ, ಮೈಗೆ ಒಗ್ಗಿದೆ ಎನ್ನುವವರ ಮಾತನ್ನು ನಂಬಬೇಡಿ.

ಅವರ ಮೂಲಮಟ್ಟ ಯಾರಿಗೂ ಗೊತ್ತಿಲ್ಲ ಎಂಬ ತೊಡಕಿದೆ. ಜನರಿಂದ ಜನರಿಗೆ ಇದು ಬಹಳ ಬದಲಾಗುತ್ತದೆ. ಯಕೃತ್ತಿನ ಕಾಯಿಲೆ, ಗರ್ಭಾವಸ್ಥೆ, ಹುಟ್ಟಿನಿಂದ ಬಂದ ಗುಣ ಎಲ್ಲವೂ ಪ್ಲಾಸ್ಮಾ ಕಿಣ್ವವನ್ನು ಇಳಿಸಬಲ್ಲವು. ಆದ್ದರಿಂದ ಪ್ರಯೋಗಾಲಯದ ವರದಿಯಲ್ಲಿ ‘ಸಾಮಾನ್ಯ’ ಎಂದಿದ್ದರೂ ಅವರ ಮಟ್ಟಿಗೆ ಅದು ಅರ್ಧವಾಗಿರಬಹುದು. ಇದಕ್ಕೆ ದಾರಿ ಸರಳ. ಕೀಟನಾಶಕದಿಂದ ದೂರವಿಟ್ಟು, ಈಗೊಮ್ಮೆ ಈ ಕಿಣ್ವಗಳನ್ನು ಅಳೆಯುವ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ. ಎರಡು ಮೂರು ವಾರಗಳಿಗೊಮ್ಮೆ ಅದೇ ಪ್ರಯೋಗಾಲಯದಲ್ಲಿ ಮತ್ತೆ ಮಾಡಿಸಿ. ಏರುತ್ತಿದ್ದರೆ ಇನ್ನೂ ಚೇತರಿಕೆ ನಡೆಯುತ್ತಿದೆ ಎಂದರ್ಥ. ಏರಿಕೆ ನಿಂತು ಅಂಕಿ ಸ್ಥಿರವಾದಾಗ ಅದೇ ಅವರ ಮೂಲಮಟ್ಟ; ಬರೆದಿಟ್ಟುಕೊಳ್ಳಿ, ಮುಂದಿನ ಹಂಗಾಮುಗಳಿಗೆ ಅದೇ ಅಳತೆಗೋಲು. ಈ ನಡುವೆ ಯಾವುದಾದರೂ ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ವೈದ್ಯರಿಗೆ ವಿಷಬಾಧೆಯ ವಿಷಯ ತಪ್ಪದೆ ತಿಳಿಸಿ. ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯುಸಡಿಲಕ ಪ್ಲಾಸ್ಮಾದ ಕಿಣ್ವದಿಂದಲೇ ಒಡೆಯಬೇಕು. ಕಿಣ್ವವಿಲ್ಲದಿದ್ದರೆ ನಿಮಿಷಗಳಲ್ಲಿ ಇಳಿಯಬೇಕಾದ ಅದರ ಪರಿಣಾಮ ಗಂಟೆಗಳವರೆಗೆ ಉಳಿದು ರೋಗಿ ತಾನಾಗಿ ಉಸಿರಾಡಲಾರ.

ಆಯಾಸದ ಜೊತೆಗೆ ಮರೆವು, ನಿದ್ದೆಗೇಡು, ಸಿಡುಕು, ಮಂಕುತನ ವಾರಗಳ ಕಾಲ ಕೆಲವರಲ್ಲಿ ಕಾಣುತ್ತವೆ. ಮನಸ್ಸು ತೀರಾ ಕುಗ್ಗಿದಂತೆ ಕಂಡರೆ ಅದನ್ನು ಸೋಮಾರಿತನ ಎನ್ನದೆ ವೈದ್ಯರ ಗಮನಕ್ಕೆ ತನ್ನಿ. ಮನೆಯಲ್ಲಿರುವ ಕೀಟನಾಶಕವನ್ನು ಬೀಗದೊಳಗೆ, ಬೀಗದ ಕೈಯನ್ನು ಇನ್ನೊಬ್ಬರ ಬಳಿ ಇಡಿ. ಇದನ್ನು ನಿಮ್ಮವರ ಬಗ್ಗೆ ಅನುಮಾನಪಟ್ಟು ಹೇಳುತ್ತಿಲ್ಲ, ಎಲ್ಲ ಮನೆಗಳಿಗೂ ಹೇಳುತ್ತೇನೆ. ಶ್ರೀಲಂಕಾ 1995ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಒಂದನೆಯ ದರ್ಜೆಯ ಅತಿವಿಷಗಳನ್ನೂ 1998ರಲ್ಲಿ ಎಂಡೋಸಲ್ಫಾನನ್ನೂ ನಿಷೇಧಿಸಿತು. 2005ರ ವೇಳೆಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಕೈಗೆಟುಕದಿದ್ದರೆ ಆ ಕೆಟ್ಟ ಗಳಿಗೆ ಕಳೆದುಹೋಗುತ್ತದೆ, ಕಳೆದುಹೋದರೆ ಮನುಷ್ಯ ಉಳಿಯುತ್ತಾನೆ. ಅಂಥ ಯೋಚನೆ ಯಾರಿಗಾದರೂ ಬಂದಿದ್ದರೆ ಆಪ್ತರೊಬ್ಬರಿಗೆ ಅಥವಾ ವೈದ್ಯರಿಗೆ ಇಂದೇ ಹೇಳಿಕೊಳ್ಳಲಿ, ಅದಕ್ಕೂ ಚಿಕಿತ್ಸೆಯಿದೆ.

ತಿಂಗಳುಗಳ ನಂತರ, ಕಿಣ್ವ ಸ್ಥಿರವಾದ ಮೇಲೆ, ಅವರು ಕೆಲಸಕ್ಕೆ ಮರಳುವಾಗ ಮೊದಲು ಡಬ್ಬಿಯನ್ನೇ ಬದಲಿಸಿ. ಲೇಬಲ್‌ನ ಬಣ್ಣದ ಗುರುತಿನಲ್ಲಿ ಕೆಂಪು ಅತಿ ವಿಷ, ಅನಂತರ ಹಳದಿ, ನೀಲಿ, ಹಸಿರು. ಕೆಂಪಿನ ಕೆಲಸವನ್ನು ನೀಲಿಯೋ ಹಸಿರೋ ಮಾಡುವುದಾದರೆ ಎಷ್ಟೇ ಒಳ್ಳೆಯ ಕೈಗವಸೂ ಆ ಬದಲಾವಣೆಗೆ ಸಮನಲ್ಲ. ಹಳೆಯ ದಾಸ್ತಾನು ಬಳಸಬೇಡಿ. 1976ರಲ್ಲಿ ಪಾಕಿಸ್ತಾನದ ಮಲೇರಿಯಾ ನಿಯಂತ್ರಣ ಕೆಲಸಗಾರರಲ್ಲಿ ಸುಮಾರು 2,800 ಮಂದಿಗೆ ಮ್ಯಾಲಾಥಿಯಾನ್‌ನಿಂದ ವಿಷಬಾಧೆಯಾಗಿ ಐವರು ಸತ್ತರು. ಮ್ಯಾಲಾಥಿಯಾನ್ ಸಾಧುವೆಂದೇ ಹೆಸರಾದದ್ದು; ಅದರಲ್ಲಿ ಹುಟ್ಟಿಕೊಂಡಿದ್ದ ಐಸೋಮ್ಯಾಲಾಥಿಯಾನ್ ಎಂಬ ಕಲ್ಮಶ ಅದನ್ನು ಕೊಲೆಗಾರನನ್ನಾಗಿಸಿತ್ತು. ಸೆಕೆಯಲ್ಲಿ ಇಟ್ಟಷ್ಟೂ ಆ ಕಲ್ಮಶ ಹೆಚ್ಚುತ್ತದೆ. ಕೈಗವಸಿನ ಬಗ್ಗೆ ಒಂದು ಸಣ್ಣ ಸೂಕ್ಷ್ಮ: ಕೆಳಮುಖವಾಗಿ ಸಿಂಪಡಿಸುವಾಗ ಅಂಗಿಯ ತೋಳು ಕೈಗವಸಿನ ಮೇಲಿರಲಿ, ತಲೆಗಿಂತ ಎತ್ತರಕ್ಕೆ ಸಿಂಪಡಿಸುವಾಗ ಕೈಗವಸು ಅಂಗಿಯ ತೋಳಿನ ಮೇಲಿರಲಿ. ಪ್ಯಾಂಟು ಯಾವಾಗಲೂ ಬೂಟಿನ ಹೊರಗೆ. ಇಲ್ಲವಾದರೆ ಎರಡೂ ವಿಷ ತುಂಬಿಕೊಳ್ಳುವ ಚೀಲಗಳಾಗುತ್ತವೆ.

ಖಾಲಿ ಡಬ್ಬಿಯನ್ನು ಮೂರು ಸಲ ಜಾಲಾಡಿಸಿ ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಹೊಡೆದುಬಿಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ 23 ಮಕ್ಕಳು ಬಿಸಿಯೂಟ ಉಂಡು ಸತ್ತದ್ದು ಮೊನೊಕ್ರೊಟೊಫಾಸ್ ಬೆರೆತ ಅಡುಗೆ ಎಣ್ಣೆಯಿಂದ. ಕೀಟನಾಶಕದ ಡಬ್ಬಿಗೆ ಎರಡನೆಯ ಉಪಯೋಗ ಎಂಬುದು ಇಲ್ಲವೇ ಇಲ್ಲ.

ಕೊನೆಯದಾಗಿ ನೀವು ಮತ್ತು ಮಗು. ಅಂದು ಬರಿಗೈಯಲ್ಲಿ ಒಗೆದದ್ದರಿಂದ ನಿಮಗೆ ವಿಷ ತಗುಲಿದ್ದರೆ ಲಕ್ಷಣಗಳು ಒಂದೆರಡು ದಿನದೊಳಗೆ ಕಾಣಬೇಕಿತ್ತು. ವಾರ ಕಳೆದರೂ ಏನೂ ಇಲ್ಲದಿರುವುದರಿಂದ ನಿಮ್ಮ ಬಗ್ಗೆ ನನಗೆ ಆತಂಕವಿಲ್ಲ. ಗರ್ಭಿಣಿಯಾಗಿದ್ದರೆ ಮಾತ್ರ ವೈದ್ಯರಿಗೆ ತಿಳಿಸಿ. ಆ ಬಟ್ಟೆಗಳನ್ನು ಹಿಂಡದೆ ಹಾಗೇ ಮೂಲೆಯಲ್ಲಿ ಗುಡ್ಡೆ ಹಾಕಿದ್ದರೆ, ಅಥವಾ ಮಗುವಿನ ಬಟ್ಟೆಯ ಜೊತೆ ನೆನೆಹಾಕಿದ್ದರೆ, ಎಲ್ಲವನ್ನೂ ಮತ್ತೊಮ್ಮೆ ಒಗೆಯಿರಿ: ಕೈಗವಸು ಹಾಕಿಕೊಂಡು, ಬಿಸಿನೀರು ಮತ್ತು ಡಿಟರ್ಜೆಂಟ್‌ನಲ್ಲಿ, ಪ್ರತ್ಯೇಕವಾಗಿ, ಎರಡು ಸಲ. ಗಾಢ ದ್ರಾವಣ ಚೆಲ್ಲಿದ ಬಟ್ಟೆ ಒಗೆದರೂ ಶುದ್ಧವಾಗದು, ಅದನ್ನು ಬಿಸಾಡಿ. ಮುಂದೆ ಅವರು ಹೊಲದಲ್ಲೇ ಬಟ್ಟೆ ಬದಲಿಸಿ, ಮೈ ತೊಳೆದ ಮೇಲಷ್ಟೇ ಮಗುವನ್ನು ಎತ್ತಿಕೊಳ್ಳಲಿ. ಎರಡು ವರ್ಷದ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ; ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರವೂ ಹೆಚ್ಚು. ಇನ್ನೊಂದು ವಿಷಯ ನೆನಪಿಡಿ: ಮಕ್ಕಳಲ್ಲಿ ಜೊಲ್ಲು, ಬೆವರು, ಕಿರಿದಾದ ಪಾಪೆ ಮೊದಲು ಕಾಣಬೇಕೆಂದೇನೂ ಇಲ್ಲ. ಎಬ್ಬಿಸಿದರೂ ಏಳದ ಮಂಪರು, ಸಡಿಲಾದ ಕೈಕಾಲು ಅಥವಾ ನೇರವಾಗಿ ಸೆಳವು, ಹೀಗೂ ಶುರುವಾಗುತ್ತದೆ. ಹಾಗೆ ಕಂಡರೆ ಜ್ವರದ ಸೆಳವೆಂದು ಕಾಯದೆ ಹೊರಡಿ, ಮನೆಯಲ್ಲಿ ಕೀಟನಾಶಕವಿದೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.